ಪೊಲೀಸ್ ನಾಯಿಗೆ ಒದ್ದರೆ ಯಾವ ಕಲಂ?

(ಮಾಟುಂಗಾದಲ್ಲಿ ಕನ್ನಡಿಗರ ಒಂದು ಭಾನುವಾರದ ಕೂಟದಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಯ ಭಾಗ ಸಭೆಯಿಂದ ಬಂದ ಪ್ರಶ್ನೆಗಳಿಗೆ ಕೊಟ್ಟ ಉತ್ತರ.)

ಮುಂಬೈಯ ಯಾವುದಾದರೂ ಸರ್ಕಾರಿ ಕಚೇರಿಗೆ ಹೋಗಿ ನೋಡಿ. ವಾರ್ಡ್ ಆಫೀಸು, ಆರ್‌ಟಿಒ, ಸರ್ಕಾರಿ ಆಸ್ಪತ್ರೆ, ಯಾವುದಾದರೂ ಸರಿ. ಕೌಂಟರಿನ ಪಕ್ಕದಲ್ಲೋ ಸಾಹೇಬರ ಕುರ್ಚಿಯ ಹಿಂದೋ ಮರಾಠಿಯಲ್ಲಿ ಒಂದು ಬೋರ್ಡು ಇರುತ್ತದೆ. ಸರ್ಕಾರಿ ಕೆಲಸಕ್ಕೆ ಅಡ್ಡಿ ಮಾಡಿದರೆ, ನೌಕರರ ಮೇಲೆ ಕೈ ಎತ್ತಿದರೆ ಇಂಥ ಕಲಂ ಪ್ರಕಾರ ಇಷ್ಟು ವರ್ಷ ಜೈಲು ಅಂತ. 'ತೀನ್‌ಶೇ ತ್ರೇಪನ್ನ', ಅಂದರೆ 353, ಈ ಊರಿನಲ್ಲಿ ರಿಕ್ಷಾದವನಿಗೂ ಬಾಯಿಪಾಠ. ಈಗ ಅದರ ನಂಬರು ಬದಲಾಗಿ 132 ಆಗಿದೆ. ಆದರೂ ಬಾಯಲ್ಲಿ ಉಳಿದಿರುವುದು ಹಳೆಯದೇ.

ಪೊಲೀಸ್ ನಾಯಿಗೆ ಇಂಥ ಬೋರ್ಡು ಇಲ್ಲ. ಪೊಲೀಸ್ ಕುದುರೆಗೂ ಇಲ್ಲ. ಬೋರ್ಡು ಬಿಡಿ, ಅವಕ್ಕೆ ಅಂತಲೇ ಬರೆದ ಒಂದು ಕಲಮೂ ನಮ್ಮ ದೇಶದ ದಂಡಸಂಹಿತೆಯಲ್ಲಿ ಇಲ್ಲ. ಹಾಗಾದರೆ ಯಾರಾದರೂ ಬಾಂಬ್ ಸ್ಕ್ವಾಡಿನ ನಾಯಿಯ ಕಾಲು ಮುರಿದರೆ ಏನಾಗುತ್ತದೆ? ಏನೂ ಆಗುವುದಿಲ್ಲ ಅಂತಲ್ಲ. ಆಗುತ್ತದೆ, ಆದರೆ ಬಳಸು ದಾರಿಯಲ್ಲಿ. ಆ ದಾರಿಯಲ್ಲಿ ಸ್ವಲ್ಪ ದೂರ ನಿಮ್ಮನ್ನು ಕರೆದುಕೊಂಡು ಹೋಗುತ್ತೇನೆ. ಮೊದಲು ಮನುಷ್ಯರ ವಿಷಯ, ಯಾಕೆಂದರೆ ನಾಯಿಯ ರಕ್ಷಣೆ ಅಲ್ಲಿಂದಲೇ ಶುರುವಾಗುತ್ತದೆ.

2024ರ ಜುಲೈ 1ರಿಂದ ಭಾರತೀಯ ದಂಡಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಸರ್ಕಾರಿ ನೌಕರನ ಕೆಲಸಕ್ಕೆ ಸುಮ್ನೆ ಅಡ್ಡಿ ಮಾಡಿದರೆ ಈಗ ಕಲಂ 221. ಮೂರು ತಿಂಗಳು ಜೈಲು, ಇಲ್ಲವೇ 2,500 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕೆಲಸ ಮಾಡದಂತೆ ತಡೆಯಲು ಕೈ ಮಾಡಿದರೆ, ತಳ್ಳಿದರೆ ಕಲಂ 132, ಎರಡು ವರ್ಷದವರೆಗೆ. ಪೆಟ್ಟಾದರೆ ಕಲಂ 121, ಐದು ವರ್ಷದವರೆಗೆ. ಮೂಳೆ ಮುರಿಯುವಂಥ ಭಾರಿ ಗಾಯವಾದರೆ ಅದೇ ಕಲಮಿನ ಎರಡನೆಯ ಭಾಗ: ಕನಿಷ್ಠ ಒಂದು ವರ್ಷ, ಗರಿಷ್ಠ ಹತ್ತು ವರ್ಷ.

ಇದರಲ್ಲಿ ಮಹಾರಾಷ್ಟ್ರದ ಒಂದು ತಮಾಷೆ ಇದೆ. ಹಳೆಯ 353ಕ್ಕೆ ದೇಶದಲ್ಲೆಲ್ಲ ಎರಡೇ ವರ್ಷ ಶಿಕ್ಷೆ ಇತ್ತು. ಮಹಾರಾಷ್ಟ್ರ ಸರ್ಕಾರ ತಿದ್ದುಪಡಿ ತಂದು 2018ರಲ್ಲಿ ಅದನ್ನು ಐದು ವರ್ಷ ಮಾಡಿತು. ಸರ್ಕಾರಿ ನೌಕರರ ಮೇಲೆ ಹಲ್ಲೆ ಜಾಸ್ತಿಯಾಗಿದೆ ಅನ್ನುವುದು ಕಾರಣ. ಹೊಸ ಸಂಹಿತೆ ಬಂದಾಗ ಹಳೆಯದರ ಜೊತೆಗೆ ಆ ತಿದ್ದುಪಡಿಯೂ ಹೋಯಿತು. ಹಾಗಾಗಿ 2024ರ ಜೂನ್ 30ರ ರಾತ್ರಿ ಹನ್ನೊಂದಕ್ಕೆ ದಾದರಿನಲ್ಲಿ ಒಬ್ಬ ಹವಾಲ್ದಾರನನ್ನು ತಳ್ಳಿದವನಿಗೆ ಗರಿಷ್ಠ ಐದು ವರ್ಷ. ಮರುದಿನ ಬೆಳಿಗ್ಗೆ ಅದೇ ಜಾಗದಲ್ಲಿ ಅದೇ ಹವಾಲ್ದಾರನನ್ನು ತಳ್ಳಿದವನಿಗೆ ಎರಡು ವರ್ಷ. ಅದರಿಂದ ಹವಾಲ್ದಾರರ ಮೇಲೆ ಕೈ ಮಾಡುವವರು ಹೆಚ್ಚಾದರೇ? ನನಗೆ ಹಾಗೆ ಅನ್ನಿಸುವುದಿಲ್ಲ. ಕೈ ಎತ್ತುವವನು ಕಲಂ ಓದಿ ಎತ್ತುವುದಿಲ್ಲ.

ಶಿಕ್ಷೆಯ ವರ್ಷಕ್ಕಿಂತ ಜನರನ್ನು ಹೆದರಿಸುವುದು ಬೇರೆ ಒಂದು ಸಂಗತಿ. 353 ಜಾಮೀನು ರಹಿತ, 132ವೂ ಹಾಗೆಯೇ. ಅಂದರೆ ಠಾಣೆಯಲ್ಲೇ ಜಾಮೀನು ಕೇಳುವ ಹಕ್ಕು ನಿಮಗಿಲ್ಲ. ಕೋರ್ಟಿನ ಮುಂದೆ ಹೋಗಬೇಕು, ಕೊಡುವುದು ಬಿಡುವುದು ಅವರ ವಿವೇಚನೆ. ನಮ್ಮ ಹೋಟೆಲಿನವರಿಗೆ ಇದು ಚೆನ್ನಾಗಿ ಗೊತ್ತು. ಉಪನಗರದ ಒಂದು ಹೋಟೆಲಿನಲ್ಲಿ ಹೀಗಾಯಿತು. ಗಲ್ಲಾದ ಮೇಲೆ ಕೂತಿದ್ದವರು ನಮ್ಮ ಕಡೆಯವರೇ, ಕುಂದಾಪುರದವರು. ಒಂದು ಇಲಾಖೆಯ ಇನ್‌ಸ್ಪೆಕ್ಟರ್ ತಪಾಸಣೆಗೆ ಬಂದು ಪಂಚನಾಮೆ ಬರೆಯುತ್ತಿದ್ದರು. ಇವರು ಕೇಳಿದರು, 'ಸಾಹೇಬ್ರೇ, ಇಲ್ಲದ್ದನ್ನು ಯಾಕೆ ಬರೀತೀರಿ?' ಅವರು ತಲೆ ಎತ್ತಲಿಲ್ಲ. ಇವರು ಸಿಟ್ಟಿನಲ್ಲಿ ಅವರ ಕೈಯಲ್ಲಿದ್ದ ಪ್ಯಾಡ್ ಎಳೆದರು. ಮೈ ಮುಟ್ಟಲಿಲ್ಲ. ಪ್ಯಾಡ್ ಮಾತ್ರ ಕೈಗೆ ಬಂತು, ಪೆನ್ನು ಇಡ್ಲಿ ಪಾತ್ರೆಯ ಹತ್ತಿರ ಬಿತ್ತು. ಸಂಜೆ ಹೊತ್ತಿಗೆ 353 ದಾಖಲಾಯಿತು. ಆ ರಾತ್ರಿ ಅವರು ಲಾಕಪ್ಪಿನಲ್ಲಿ ಕಳೆದರು. ಮರುದಿನ ಮ್ಯಾಜಿಸ್ಟ್ರೇಟರ ಮುಂದೆ ಜಾಮೀನಿಗೆ ನಾನೇ ನಿಂತದ್ದು.

'ಮೈ ಮುಟ್ಟಲೇ ಇಲ್ಲವಲ್ಲ ಮಾರಾಯರೇ' ಅಂತ ಅವರು ಮತ್ತೆ ಮತ್ತೆ ಹೇಳುತ್ತಿದ್ದರು. ಪಾಪ, ಕಾನೂನಿಗೆ ಮೈ ಮುಟ್ಟಲೇಬೇಕು ಅಂತ ಇಲ್ಲ. ಬಲಪ್ರಯೋಗದ ವ್ಯಾಖ್ಯೆಯಲ್ಲಿ ಸ್ಪಷ್ಟವಾಗಿ ಇದೆ: ಒಬ್ಬನ ದೇಹಕ್ಕೆ ತಾಗಿದರೂ ಸರಿ, ಅವನು ತೊಟ್ಟದ್ದಕ್ಕೋ ಹಿಡಿದುಕೊಂಡದ್ದಕ್ಕೋ ತಾಗಿದರೂ ಸರಿ. ಕೈಯಲ್ಲಿದ್ದ ಪ್ಯಾಡ್ ಎಳೆಯುವುದೂ ಅದರೊಳಗೆ ಬರಬಹುದು.

ಇಲ್ಲಿಂದಲೇ ನಮ್ಮ ಪ್ರಾಣಿಗಳು ಕಥೆಯೊಳಗೆ ಬರುತ್ತವೆ.

1860ರ ದಂಡಸಂಹಿತೆಯಲ್ಲಿ, ಕಲಂ 350ರ ಕೆಳಗೆ, ಕೆಲವು ಉದಾಹರಣೆಗಳಿವೆ. ಕಾನೂನಿನ ವಿದ್ಯಾರ್ಥಿಗಳು ನಗುತ್ತಾ ಓದುವ ಭಾಗ ಅದು. ಒಂದರಲ್ಲಿ ಒಬ್ಬ ರಥದಲ್ಲಿ ಹೋಗುತ್ತಿದ್ದಾನೆ. ಇನ್ನೊಬ್ಬ ಬಂದು ಅವನ ಕುದುರೆಗಳಿಗೆ ಚಾವಟಿಯಿಂದ ಹೊಡೆಯುತ್ತಾನೆ. ಕುದುರೆಗಳು ವೇಗವಾಗಿ ಓಡುತ್ತವೆ. ಕಾನೂನು ಏನು ಹೇಳುತ್ತದೆ ಗೊತ್ತಾ? ಹೊಡೆದದ್ದು ಕುದುರೆಗೆ, ಬಲಪ್ರಯೋಗ ಆದದ್ದು ರಥದಲ್ಲಿ ಕೂತವನ ಮೇಲೆ. ಯಾಕೆಂದರೆ ಕುದುರೆಯ ಚಲನೆ ಬದಲಾದಾಗ ಅವನ ಚಲನೆಯೂ ಬದಲಾಯಿತು. ಹೊಸ ಸಂಹಿತೆಯ ಕಲಂ 129ರಲ್ಲೂ ಆ ರಥ ಹಾಗೇ ಓಡುತ್ತಿದೆ.

ರಥದ ಜಾಗದಲ್ಲಿ ಪೊಲೀಸ್ ಕುದುರೆಯನ್ನು ಇಟ್ಟು ನೋಡಿ. ಕುದುರೆಯ ಮೇಲೆ ಸಿಪಾಯಿ ಇದ್ದಾನೆ. ಗಲಾಟೆಯಲ್ಲಿ ಒಬ್ಬ ಕುದುರೆಗೆ ದೊಣ್ಣೆಯಿಂದ ಹೊಡೆದ. ಕುದುರೆ ಬೆದರಿ ಹಾರಿತು. ಸಿಪಾಯಿ ಅಲುಗಾಡಿದ. ಇದು ಸಿಪಾಯಿಯ ಮೇಲಿನ ಬಲಪ್ರಯೋಗ. ಕರ್ತವ್ಯದಲ್ಲಿದ್ದವನನ್ನು ತಡೆಯಲು ಮಾಡಿದ್ದರೆ ಕಲಂ 132. ನಾಯಿಗೂ ಇದೇ ತರ್ಕ ಹೊಂದಿಸಬಹುದು. ಹ್ಯಾಂಡ್ಲರನ, ಅಂದರೆ ನಾಯಿಯನ್ನು ನಡೆಸುವ ಪೊಲೀಸನ ಕೈಯಲ್ಲಿ ಅದರ ಬೆಲ್ಟು ಇದೆ. ನಾಯಿಗೆ ಒದ್ದರು, ಅದು ಜಿಗಿಯಿತು, ಬೆಲ್ಟು ಎಳೆದು ಹ್ಯಾಂಡ್ಲರ್ ಮುಗ್ಗರಿಸಿದ. ಅದೂ ಅವನ ಮೇಲಿನ ಬಲಪ್ರಯೋಗ ಅಂತ ವಾದಿಸಲು ಒಳ್ಳೆಯ ಜಾಗ ಇದೆ.

ಆದರೆ ಬೆಲ್ಟು ಬಿಚ್ಚಿದ ಗಳಿಗೆಗೆ ಆ ರಕ್ಷಣೆ ಮುಗಿಯಿತು. ಬಾಂಬ್ ಇದ್ದೀತು ಅಂತ ನಾಯಿಯನ್ನು ಒಂಟಿಯಾಗಿ ಒಳಗೆ ಬಿಟ್ಟಾಗ, ಅಂದರೆ ಅದು ತೀರಾ ಅಪಾಯದ ಕೆಲಸ ಮಾಡುವ ಹೊತ್ತಿಗೆ, ಕಾನೂನಿನ ಕಣ್ಣಿಗೆ ಅದು ಬರೀ ಒಂದು ನಾಯಿ. ಇನ್ನೊಬ್ಬರ ಲೋಕಲ್ ರೈಲಿನ ಪಾಸಿನಲ್ಲಿ ಪ್ರಯಾಣ ಮಾಡಿದ ಹಾಗೆ ಇದು. ಪಾಸಿನವರು ಪಕ್ಕದಲ್ಲಿ ಇರುವ ತನಕ ಹೇಗೋ ನಡೆಯುತ್ತದೆ.

ನಮ್ಮ ಊರಿನ ನಾಯಿಗಳ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಇದೆಲ್ಲ ಬರೀ ಕಲಮುಗಳ ಪಟ್ಟಿ ಆಗುತ್ತದೆ. 1993ರ ಸರಣಿ ಸ್ಫೋಟಗಳ ಕಾಲದಲ್ಲಿ ಮುಂಬೈ ಪೊಲೀಸರ ಬಾಂಬ್ ಸ್ಕ್ವಾಡಿನಲ್ಲಿ ಜಂಜೀರ್ ಅಂತ ಒಂದು ಲ್ಯಾಬ್ರಡಾರ್ ಇತ್ತು. ಪುಣೆಯ ಶಿವಾಜಿನಗರದಲ್ಲಿ ತರಬೇತಿ ಪಡೆದದ್ದು. 3,329 ಕಿಲೋ ಆರ್‌ಡಿಎಕ್ಸ್, 600 ಡಿಟೊನೇಟರ್, 249 ಕೈಬಾಂಬ್ ಅದರ ಮೂಗಿನ ಲೆಕ್ಕಕ್ಕೆ ಬರೆದಿದ್ದಾರೆ. 2000ದ ನವೆಂಬರಿನಲ್ಲಿ ಮೂಳೆ ಕ್ಯಾನ್ಸರಿನಿಂದ ಸತ್ತಿತು. ಪೊಲೀಸ್ ಗೌರವದೊಂದಿಗೆ ಮಣ್ಣು ಮಾಡಿದರು. 2008ರ ನವೆಂಬರ್ 26ರ ದಾಳಿಯ ಹೊತ್ತಿಗೆ ಮ್ಯಾಕ್ಸ್, ಸುಲ್ತಾನ್, ಟೈಗರ್, ಸೀಸರ್ ಇದ್ದವು. ತಾಜ್ ಹೋಟೆಲಿನ ಹತ್ತಿರ ಸ್ಫೋಟಕ ಪತ್ತೆ ಮಾಡಿದ್ದು ಮ್ಯಾಕ್ಸ್. ಸಿಎಸ್‌ಟಿ ರೈಲು ನಿಲ್ದಾಣದಲ್ಲಿ ವಾರಸುದಾರರಿಲ್ಲದೆ ಬಿದ್ದಿದ್ದ ಸಾಮಾನಿನ ರಾಶಿಯಲ್ಲಿ ಬಾಂಬ್ ಪತ್ತೆ ಮಾಡಿದ್ದು ಸೀಸರ್. ಸಿಎಸ್‌ಟಿಯಲ್ಲಿ ದಿನಾ ಎಷ್ಟು ಜನ ಓಡಾಡುತ್ತಾರೆ ಅಂತ ಇಲ್ಲಿ ಕೂತವರಿಗೆ ನಾನು ಹೇಳಬೇಕಾಗಿಲ್ಲ. ನಾಲ್ಕೂ ನಿವೃತ್ತಿಯ ನಂತರ ವಿರಾರ್ ಕಡೆಯ ಒಂದು ತೋಟದಲ್ಲಿ ಇದ್ದವು. 2016ರಲ್ಲಿ ಒಂದರ ಹಿಂದೆ ಒಂದು ಸತ್ತವು. ಕೊನೆಗೆ ಉಳಿದದ್ದು ಸೀಸರ್, ಅದೂ ಅಕ್ಟೋಬರಿನಲ್ಲಿ ಹೋಯಿತು.

ಕುದುರೆ ಪೊಲೀಸ್ ದಳ ಮುಂಬೈಯಲ್ಲಿ 1932ರಲ್ಲಿ ನಿಂತುಹೋಗಿತ್ತು. ರಸ್ತೆಯಲ್ಲಿ ಮೋಟಾರು ಗಾಡಿಗಳು ಜಾಸ್ತಿಯಾದವು ಅನ್ನುವುದು ಕಾರಣ. 2020ರಲ್ಲಿ ಮತ್ತೆ ಶುರು ಮಾಡುವುದಾಗಿ ಸರ್ಕಾರ ಹೇಳಿತು. ಆ ವರ್ಷದ ಗಣರಾಜ್ಯೋತ್ಸವಕ್ಕೆ ಶಿವಾಜಿ ಪಾರ್ಕಿನಲ್ಲಿ ಕುದುರೆಗಳು ಹೆಜ್ಜೆ ಹಾಕಿದವು. ಈ ಟ್ರಾಫಿಕ್ಕಿನಲ್ಲಿ ಕುದುರೆ ಯಾಕೆ ಅಂತ ಆಗಲೂ ಜನ ಕೇಳಿದ್ದರು. ನನಗೂ ಅದು ಪೂರ್ತಿ ಒಪ್ಪಿಗೆಯಾದ ವಿಷಯವಲ್ಲ, ಇರಲಿ.

ಈಗ ನೇರವಾಗಿ ಪ್ರಾಣಿಯ ಮೇಲಿನ ಅಪರಾಧಕ್ಕೆ ಬರೋಣ. ಹಳೆಯ ಸಂಹಿತೆಯಲ್ಲಿ ಎರಡು ಕಲಂ ಇದ್ದವು, 428 ಮತ್ತು 429. ಹತ್ತು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಪ್ರಾಣಿಯನ್ನು ಕೊಂದರೆ, ಊನ ಮಾಡಿದರೆ ಎರಡು ವರ್ಷ. ಆನೆ, ಒಂಟೆ, ಕುದುರೆ, ಎಮ್ಮೆ, ಹಸು, ಎತ್ತು ಆದರೆ ಬೆಲೆ ಎಷ್ಟೇ ಇರಲಿ, ಐದು ವರ್ಷ. ಬೇರೆ ಪ್ರಾಣಿಯಾದರೆ ಐವತ್ತು ರೂಪಾಯಿ ಬೆಲೆ ಬಾಳಬೇಕು. 1860ರ ಐವತ್ತು ರೂಪಾಯಿ 2024ರ ತನಕ ಹಾಗೇ ಕೂತಿತ್ತು. ಹೊಸ ಸಂಹಿತೆ ಒಂದು ಒಳ್ಳೆಯ ಕೆಲಸ ಮಾಡಿತು. ಬೆಲೆಯ ಲೆಕ್ಕ ತೆಗೆದುಹಾಕಿತು. ಕಲಂ 325ರ ಪ್ರಕಾರ ಯಾವುದೇ ಪ್ರಾಣಿಯನ್ನು ಕೊಂದರೆ, ವಿಷ ಹಾಕಿದರೆ, ಊನ ಮಾಡಿದರೆ, ಕೆಲಸಕ್ಕೆ ಬಾರದಂತೆ ಮಾಡಿದರೆ ಐದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ.

ಐದು ವರ್ಷ ಅಂದರೆ ಕಡಿಮೆಯೇನಲ್ಲ, ಹವಾಲ್ದಾರನಿಗೆ ಪೆಟ್ಟು ಮಾಡಿದಷ್ಟೇ. ಹಾಗಾದರೆ ತಕರಾರು ಏನು?

ಒಂದು, ಇದು ಆಸ್ತಿ ಹಾನಿಯ ಅಧ್ಯಾಯದಲ್ಲಿದೆ. ಇಲ್ಲಿ ನೊಂದವನು ನಾಯಿ ಅಲ್ಲ, ನಾಯಿಯ ಮಾಲೀಕ. ನಷ್ಟ ಮಾಡುವ ಉದ್ದೇಶವೋ ಅರಿವೋ ಇತ್ತು ಅಂತ ತೋರಿಸಬೇಕು. ಜಾಮೀನು ಠಾಣೆಯಲ್ಲೇ ಸಿಗುತ್ತದೆ. ಮಾಲೀಕ ಒಪ್ಪಿದರೆ ರಾಜಿಯೂ ಆಗುತ್ತದೆ. ಪೊಲೀಸ್ ನಾಯಿಯ ಮಾಲೀಕ ಸರ್ಕಾರ. ಸರ್ಕಾರ ಯಾರ ಜೊತೆ ಯಾವಾಗ ರಾಜಿ ಮಾಡಿಕೊಳ್ಳುತ್ತದೆ ಅನ್ನುವುದು ಆಗ ಯಾರು ಅಧಿಕಾರದಲ್ಲಿ ಇದ್ದಾರೆ ಅನ್ನುವುದರ ಮೇಲೆ ಹೋಗುತ್ತದೆ.

ಇನ್ನು, ಊನ ಆಗದಿದ್ದರೆ? ನಾಯಿಗೆ ಜೋರಾಗಿ ಒದ್ದರು, ಪಕ್ಕೆಲುಬು ಊದಿತು, ಮೂರು ವಾರದಲ್ಲಿ ವಾಸಿಯಾಯಿತು ಅಂತ ಇಟ್ಟುಕೊಳ್ಳಿ. ಆಗ 325 ಹಿಡಿಯುವುದು ಕಷ್ಟ. ಉಳಿಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಕಲಂ 11. ಮೊದಲ ಸಲಕ್ಕೆ ದಂಡ ಎಷ್ಟು ಗೊತ್ತಾ? ಹತ್ತು ರೂಪಾಯಿಗೆ ಕಡಿಮೆ ಇಲ್ಲದಂತೆ, ಐವತ್ತು ರೂಪಾಯಿ ಮೀರದಂತೆ. ನಾನು ಹೇಳುತ್ತಿರುವುದು ಇವತ್ತಿನ ಕಾನೂನು. ಮಾಟುಂಗಾದಲ್ಲಿ ಆ ದುಡ್ಡಿಗೆ ಒಂದು ಪ್ಲೇಟ್ ಇಡ್ಲಿ ಕೊಡುವವರು ಯಾರಾದರೂ ಇದ್ದರೆ ಕೂಟ ಮುಗಿದ ಮೇಲೆ ಹೇಳಿ. ಮೂರು ವರ್ಷದೊಳಗೆ ಅದೇ ತಪ್ಪು ಮತ್ತೆ ಮಾಡಿದರೆ ಇಪ್ಪತ್ತೈದರಿಂದ ನೂರು ರೂಪಾಯಿ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಇದನ್ನು ಹೆಚ್ಚಿಸಲು 2022ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಒಂದು ಕರಡು ಮಸೂದೆ ಹೊರಡಿಸಿ ಜನರ ಅಭಿಪ್ರಾಯ ಕೇಳಿತು. ಅದು ಕಾಯ್ದೆ ಆಗಲಿಲ್ಲ.

ಆ 1960ರ ಕಾಯ್ದೆಯಲ್ಲಿ ಪೊಲೀಸ್ ಪ್ರಾಣಿಗಳ ಪ್ರಸ್ತಾಪ ಒಂದು ಕಡೆ ಇದೆ, ಕಲಂ 27ರಲ್ಲಿ. ಆಟ ಆಡಿಸುವ ಪ್ರಾಣಿಗಳಿಗೆ ಇರುವ ನಿಯಮಗಳು ಸೈನ್ಯ ಮತ್ತು ಪೊಲೀಸ್ ಕೆಲಸಕ್ಕೆ ತರಬೇತಿ ಕೊಡುವ ಪ್ರಾಣಿಗಳಿಗೆ ಅನ್ವಯಿಸುವುದಿಲ್ಲ ಅಂತ. ನೋಡಿ, ಹೆಸರು ಹೇಳಿದ್ದು ಕೂಡ ವಿನಾಯಿತಿ ಕೊಡುವುದಕ್ಕೆ!

ಮೂರನೆಯ ದಾರಿ ಒಂದಿದೆ, ವಕೀಲರಿಗೆ ಇಷ್ಟವಾಗುವಂಥದ್ದು. 1984ರ ಸಾರ್ವಜನಿಕ ಆಸ್ತಿ ಹಾನಿ ತಡೆ ಕಾಯ್ದೆ. ಸರ್ಕಾರದ ಸ್ಥಿರ, ಚರ ಎರಡೂ ಆಸ್ತಿ ಅದರಲ್ಲಿ ಬರುತ್ತದೆ. ಶಿಕ್ಷೆ ಐದು ವರ್ಷದವರೆಗೆ, ಜೊತೆಗೆ ದಂಡ. ಬಸ್ಸಿಗೆ ಕಲ್ಲು ಹೊಡೆದವರ ಮೇಲೆ ಹಾಕುವ ಕಾಯ್ದೆ ಇದೇ. ನಾಯಿಯೂ ಚರ ಆಸ್ತಿ ಅಂತ ವಾದಿಸಬಹುದು. ಚರ ಅನ್ನುವುದರಲ್ಲಿ ಸಂಶಯ ಇಲ್ಲ ಬಿಡಿ, ಬಸ್ಸಿಗಿಂತ ಚೆನ್ನಾಗಿಯೇ ಓಡುತ್ತದೆ. ಆದರೆ ಜಂಜೀರ್‌ನನ್ನು ಬಸ್ಸಿನ ಗಾಜಿನ ಸಾಲಿನಲ್ಲಿ ನಿಲ್ಲಿಸಿ ನ್ಯಾಯ ಕೇಳುವುದು ನನಗೆ ಸರಿ ಕಾಣುವುದಿಲ್ಲ.

ನಮ್ಮ ದೇಶದಲ್ಲಿ ಇದೆಲ್ಲ ಒಂದು ಸಲ ದೊಡ್ಡದಾಗಿ ಪರೀಕ್ಷೆಗೆ ಬಂತು. 2016ರ ಮಾರ್ಚ್ 14, ಡೆಹ್ರಾಡೂನ್. ಒಂದು ರಾಜಕೀಯ ಪ್ರತಿಭಟನೆ. ಉತ್ತರಾಖಂಡ ಪೊಲೀಸರ ಬಿಳಿ ಕುದುರೆ ಶಕ್ತಿಮಾನ್ ಆ ಗಲಾಟೆಯಲ್ಲಿ ಬಿತ್ತು, ಹಿಂಗಾಲು ಮುರಿಯಿತು. ಕಾಲು ಕತ್ತರಿಸಬೇಕಾಯಿತು. ಕೃತಕ ಕಾಲು ಹಾಕಿದರು. ಏಪ್ರಿಲ್ 20ರಂದು ಕುದುರೆ ಸತ್ತಿತು. ಟಿವಿಯಲ್ಲಿ ಆ ವಿಡಿಯೊ ಇಡೀ ದೇಶ ನೋಡಿತ್ತು. ಒಬ್ಬ ಶಾಸಕರೂ ಸೇರಿ ಕೆಲವರ ಮೇಲೆ 429, ಪ್ರಾಣಿ ಹಿಂಸೆ ತಡೆ ಕಾಯ್ದೆ ಎಲ್ಲ ಹಾಕಿದರು. 2021ರ ಸೆಪ್ಟೆಂಬರಿನಲ್ಲಿ ಡೆಹ್ರಾಡೂನಿನ ಕೋರ್ಟು ಅವರನ್ನು ಖುಲಾಸೆ ಮಾಡಿತು.

ಆ ತೀರ್ಪಿನ ಬಗ್ಗೆ ನಾನು ಏನೂ ಹೇಳುವುದಿಲ್ಲ. ಆದರೆ ಇಂಥ ಕೇಸು ನಡೆಸುವುದು ಎಷ್ಟು ಕಷ್ಟ ಅನ್ನುವುದನ್ನು ಮಾತ್ರ ಹೇಳುತ್ತೇನೆ. ಗುಂಪಿನಲ್ಲಿ ಬೀಸಿದ ಕೋಲು ಯಾರದ್ದು? ಅದು ಕುದುರೆಗೆ ತಾಗಿತೋ ನೆಲಕ್ಕೆ ತಾಗಿತೋ? ಲಗಾಮು ಎಳೆದವರು ಯಾರು? ಕಾಲು ಪೆಟ್ಟಿನಿಂದ ಮುರಿಯಿತೋ ಬಿದ್ದದ್ದರಿಂದ ಮುರಿಯಿತೋ? ಮನುಷ್ಯನಾದರೆ ಸಾಕ್ಷಿ ಕಟ್ಟೆಗೆ ಬಂದು 'ಇವನೇ ಹೊಡೆದದ್ದು' ಅಂತಾನೆ. ಇಲ್ಲಿ ಪಶುವೈದ್ಯರ ವರದಿ ಬೇಕು, ಮೊದಲ ಗಂಟೆಯಲ್ಲೇ ತೆಗೆದ ಎಕ್ಸ್‌ರೇ ಬೇಕು, ವಿಡಿಯೊದ ಮೂಲ ಪ್ರತಿ ಬೇಕು. ಇವು ಇಲ್ಲದಿದ್ದರೆ ಐದು ವರ್ಷದ ಶಿಕ್ಷೆಯನ್ನು ಹದಿನೈದು ಮಾಡಿದರೂ ಅಷ್ಟೇ.

ಹೊರ ದೇಶಗಳಲ್ಲಿ ಏನು ಮಾಡಿದರು? ಅಮೆರಿಕದಲ್ಲಿ ಕೇಂದ್ರ ಸರ್ಕಾರದ ಪೊಲೀಸ್ ಪ್ರಾಣಿಗಳಿಗೆ ಅಂತ 2000ದಲ್ಲೇ ಕಾಯ್ದೆ ಬಂತು. ಮಾಮೂಲಿ ಗಾಯಕ್ಕೆ ಒಂದು ವರ್ಷದವರೆಗೆ, ಕೊಂದರೆ ಅಥವಾ ಶಾಶ್ವತ ಊನ ಮಾಡಿದರೆ ಹತ್ತು ವರ್ಷದವರೆಗೆ. ಕೆನಡಾದ ಎಡ್ಮಂಟನ್‌ನಲ್ಲಿ 2013ರಲ್ಲಿ ಕ್ವಾಂಟೊ ಅನ್ನುವ ಪೊಲೀಸ್ ನಾಯಿಯನ್ನು ಇರಿದು ಕೊಂದರು. 2015ರಲ್ಲಿ ಅಲ್ಲಿ ಕಾನೂನು ಬಂತು, ಗರಿಷ್ಠ ಐದು ವರ್ಷ.

ನನಗೆ ಹೆಚ್ಚು ಹಿಡಿಸಿದ್ದು ಇಂಗ್ಲೆಂಡಿನ ಕಥೆ. 2016ರ ಅಕ್ಟೋಬರಿನಲ್ಲಿ ಸ್ಟೀವನೇಜ್ ಅನ್ನುವ ಊರಿನಲ್ಲಿ ಫಿನ್ ಅನ್ನುವ ಜರ್ಮನ್ ಶೆಫರ್ಡ್ ನಾಯಿಗೂ ಅದರ ಹ್ಯಾಂಡ್ಲರಿಗೂ ಚಾಕು ಇರಿತವಾಯಿತು. ಎದೆಗೆ, ತಲೆಗೆ ಪೆಟ್ಟಾದರೂ ನಾಯಿ ಬದುಕಿತು. ಆರೋಪಿಯ ಮೇಲೆ ಹ್ಯಾಂಡ್ಲರಿಗೆ ಗಾಯ ಮಾಡಿದ ಕೇಸು ಸರಿಯಾಗಿಯೇ ಬಿತ್ತು. ನಾಯಿಯ ಮಟ್ಟಿಗೆ ಬಿದ್ದದ್ದು ಆಸ್ತಿ ಹಾನಿ. ಜನ ಸಿಟ್ಟಾದರು. 2019ರಲ್ಲಿ 'ಫಿನ್ಸ್ ಲಾ' ಅಂತ ಜನ ಕರೆಯುವ ಕಾನೂನು ಬಂತು. ಅದು ಶಿಕ್ಷೆಯ ವರ್ಷ ಏರಿಸಲಿಲ್ಲ. ಒಂದು ಸಣ್ಣ ಬಾಗಿಲು ಮುಚ್ಚಿತು, ಅಷ್ಟೇ. ಅಧಿಕಾರಿಯ ಹತೋಟಿಯಲ್ಲಿ, ಸರಿಯಾದ ರೀತಿಯಲ್ಲಿ ಕೆಲಸ ಮಾಡುತ್ತಿದ್ದ ನಾಯಿಯನ್ನು ಗಾಯ ಮಾಡಿ 'ನನ್ನನ್ನು ಉಳಿಸಿಕೊಳ್ಳಲು ಹೊಡೆದೆ' ಅನ್ನುವ ಹಾಗಿಲ್ಲ ಅಂತ. ಶಿಕ್ಷೆ ಐದು ವರ್ಷಕ್ಕೆ ಏರಿದ್ದು 2021ರಲ್ಲಿ, ಅದೂ ಎಲ್ಲ ಪ್ರಾಣಿಗಳಿಗೆ.

ನಾವು ಇದರಿಂದ ತೆಗೆದುಕೊಳ್ಳಬೇಕಾದ್ದು ಅದೇ ಅಂತ ನನ್ನ ಅಭಿಪ್ರಾಯ. ವರ್ಷ ನಮ್ಮಲ್ಲೂ ಐದು ಇದೆ. ಬೇಕಾಗಿರುವುದು ಕರ್ತವ್ಯದಲ್ಲಿರುವ ಪ್ರಾಣಿಗೆ ಅದರದ್ದೇ ಪಾಸು, ಬೆಲ್ಟು ಹಿಡಿದವನು ಪಕ್ಕದಲ್ಲಿ ಇರಲಿ ಬಿಡಲಿ. ಗಾಯಕ್ಕೂ ಊನಕ್ಕೂ ನಡುವೆ ಒಂದು ಮೆಟ್ಟಿಲು, ಹತ್ತು ರೂಪಾಯಿಯಿಂದ ಒಮ್ಮೆಲೇ ಐದು ವರ್ಷಕ್ಕೆ ಹಾರುವ ಬದಲು. ಚಿಕಿತ್ಸೆಯ ಖರ್ಚು ಅಪರಾಧಿಯಿಂದ ವಸೂಲಿ. ಮತ್ತೆ ರಾಜಿಗೆ ಅವಕಾಶ ಇರಬಾರದು. ಕನಿಷ್ಠ ಶಿಕ್ಷೆ ಇಷ್ಟೇ ಅಂತ ಕಟ್ಟಿಹಾಕುವುದು ನನಗೆ ಬೇಡ. ಮೆರವಣಿಗೆಯಲ್ಲಿ ಹೆದರಿ ಲಗಾಮು ಹಿಡಿದ ಹುಡುಗನಿಗೂ ಚಾಕು ಹಾಕಿದವನಿಗೂ ಒಂದೇ ತಕ್ಕಡಿ ಆಗಬಾರದು.

ಇಷ್ಟು ಹೇಳಿ ಮುಗಿಸಿದ್ದೆ. ಆಮೇಲೆ ಬಂದ ಪ್ರಶ್ನೆಗಳಿಂದ ಮಾತು ಇನ್ನೊಂದು ಕಡೆಗೆ ಹೋಯಿತು.

ಬೆಸ್ಟ್, ಅಂದರೆ ಮುಂಬೈ ನಗರ ಸಾರಿಗೆಯ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರ್ ಆಗಿದ್ದ ಹಿರಿಯರೊಬ್ಬರು ಎದ್ದು ಕೇಳಿದರು. 'ನಮ್ಮ ಮೇಲೆ ಕೈ ಮಾಡಿದರೆ 353 ಬೀಳುತ್ತಿತ್ತು. ಈಗ ಬಾಡಿಗೆ ಬಸ್ಸಿನ ಡ್ರೈವರಿಗೆ ಹೊಡೆದರೆ?' ಅವತ್ತು ಬಂದ ಪ್ರಶ್ನೆಗಳಲ್ಲಿ ಇದೇ ಎಲ್ಲಕ್ಕಿಂತ ಒಳ್ಳೆಯದು. ಸಾರ್ವಜನಿಕ ಸೇವಕ ಅಂದರೆ ಯಾರು ಅಂತ ಸಂಹಿತೆಯ ಕಲಂ 2ರಲ್ಲಿ ಉದ್ದ ಪಟ್ಟಿ ಇದೆ. ಸರ್ಕಾರದ, ಸ್ಥಳೀಯ ಸಂಸ್ಥೆಯ, ಸರ್ಕಾರಿ ಕಂಪನಿಯ ಸೇವೆಯಲ್ಲಿ ಅಥವಾ ಸಂಬಳದಲ್ಲಿ ಇರುವವರು ಅದರಲ್ಲಿ ಬರುತ್ತಾರೆ. ಬಾಡಿಗೆ ಬಸ್ಸಿನ ಡ್ರೈವರಿಗೆ ಸಂಬಳ ಕೊಡುವುದು ಖಾಸಗಿ ಗುತ್ತಿಗೆದಾರ. ಬಸ್ಸಿನ ಬಣ್ಣ ಅದೇ ಕೆಂಪು, ರೂಟು ಅದೇ, ಬೈಯುವ ಪ್ರಯಾಣಿಕರೂ ಅವರೇ. ಆದರೆ ಕೋರ್ಟಿನಲ್ಲಿ 'ಇವರು ಸಾರ್ವಜನಿಕ ಸೇವಕರಲ್ಲ' ಅಂತ ಎದುರು ವಕೀಲರು ಎದ್ದು ನಿಲ್ಲಲು ಜಾಗ ಇದೆ. ಬೆಳಗಿನ ಜಾವ ಕಸ ಎತ್ತುವ ಗುತ್ತಿಗೆ ಕಾರ್ಮಿಕರಿಗೂ ಇದೇ ಪಾಡು. ನಾಯಿಗೆ ಬೆಲ್ಟು ಹೇಗೋ ಇವರಿಗೆ ಮಸ್ಟರ್ ರೋಲು, ಅಂದರೆ ನೌಕರರ ಹಾಜರಿ ಪಟ್ಟಿ, ಹಾಗೆ. ಹೆಸರು ಯಾರ ಮಸ್ಟರಿನಲ್ಲಿ ಇದೆ ಅನ್ನುವುದರ ಮೇಲೆ ಕಾನೂನಿನ ರಕ್ಷಣೆ ನಿಂತಿದೆ, ಮಾಡುವ ಕೆಲಸದ ಮೇಲಲ್ಲ. ಪೊಲೀಸ್ ನಾಯಿಗೆ ಕಾನೂನು ಬೇಕು ಅನ್ನುವವರು ಇವರನ್ನು ಬಿಟ್ಟು ಕೇಳಿದರೆ ನಾನು ಆ ಅರ್ಜಿಗೆ ಸಹಿ ಹಾಕುವುದಿಲ್ಲ.

ಒಬ್ಬ ಡಾಕ್ಟರ್ ಹುಡುಗಿ, ಸಾಯನ್ ಕಡೆಯವಳು, ಆಸ್ಪತ್ರೆಯ ಕಾನೂನು ಕೇಳಿದಳು. ಮಹಾರಾಷ್ಟ್ರದಲ್ಲಿ 2010ರಿಂದ ಬೇರೆಯೇ ಕಾಯ್ದೆ ಇದೆ. ಡಾಕ್ಟರು, ನರ್ಸು, ಆಸ್ಪತ್ರೆಯ ಸಿಬ್ಬಂದಿ ಮೇಲೆ ಹಲ್ಲೆ ಮಾಡಿದರೆ ಮೂರು ವರ್ಷದವರೆಗೆ ಜೈಲು, 50,000 ರೂಪಾಯಿವರೆಗೆ ದಂಡ. ಒಡೆದ ಸಾಮಾನಿಗೆ ಎರಡು ಪಟ್ಟು ಪರಿಹಾರ. ಇದರಲ್ಲಿ ಖಾಸಗಿ ಆಸ್ಪತ್ರೆಯೂ ಬರುತ್ತದೆ. ಅಂದರೆ ಮಸ್ಟರ್ ನೋಡದೆ ಕೆಲಸ ನೋಡಿ ರಕ್ಷಣೆ ಕೊಡಲು ಬರುತ್ತದೆ ಅಂತಾಯಿತು, ಬೇಕು ಅನ್ನಿಸಿದರೆ. ಕೋವಿಡ್ ಕಾಲದಲ್ಲಿ, 2020ರಲ್ಲಿ, ಸಾಂಕ್ರಾಮಿಕ ರೋಗಗಳ ಕಾಯ್ದೆಗೆ ತಿದ್ದುಪಡಿ ಮಾಡಿ ಮೂರು ತಿಂಗಳಿಂದ ಐದು ವರ್ಷ, ಭಾರಿ ಗಾಯವಾದರೆ ಆರು ತಿಂಗಳಿಂದ ಏಳು ವರ್ಷ ಮಾಡಿದರು. ಆದರೆ ನೆನಪಿಸಿಕೊಳ್ಳಿ, 2010ರ ಕಾಯ್ದೆ ಬಂದು ಏಳು ವರ್ಷದ ಮೇಲೆ, 2017ರ ಮಾರ್ಚಿನಲ್ಲಿ, ಮಹಾರಾಷ್ಟ್ರದ ರೆಸಿಡೆಂಟ್ ಡಾಕ್ಟರುಗಳು ಒಟ್ಟಿಗೆ ರಜೆ ಹಾಕಿ ಕೂತರು. ಅವರು ಮುಖ್ಯವಾಗಿ ಕೇಳಿದ್ದು ಆಸ್ಪತ್ರೆಗೆ ಕಾವಲು. ಆ ಹುಡುಗಿ ತಲೆ ಅಲ್ಲಾಡಿಸಿದಳು. 'ಸರ್, ರಾತ್ರಿ ಡ್ಯೂಟಿಯಲ್ಲಿ ಒಬ್ಬ ರೋಗಿಯ ಜೊತೆ ಹದಿನೈದು ಜನ ಬರ್ತಾರೆ. ಗೇಟಲ್ಲಿ ಯಾರಾದರೂ ನಿಲ್ಲಿಸಿದರೆ ನಮಗೆ ಕಲಂ ಬೇಡವೇ ಬೇಡ' ಅಂದಳು.

ಇನ್ನೊಬ್ಬರು ಫೇಸ್‌ಬುಕ್ಕಿನಲ್ಲಿ ಪೊಲೀಸರ ಬಗ್ಗೆ ಬರೆದರೆ 132 ಬೀಳುತ್ತದೆಯೇ ಅಂತ ಕೇಳಿದರು. ಅದಕ್ಕೆ ಬೆಂಗಳೂರಿನದ್ದೇ ಉತ್ತರ ಇದೆ. 2013ರಲ್ಲಿ ಒಂದು ಸಣ್ಣ ಅಪಘಾತದ ನಂತರ ದಂಪತಿ ಬೆಂಗಳೂರು ಟ್ರಾಫಿಕ್ ಪೊಲೀಸರ ಫೇಸ್‌ಬುಕ್ ಪುಟದಲ್ಲಿ ಇನ್‌ಸ್ಪೆಕ್ಟರ್ ಒಬ್ಬರ ವರ್ತನೆ ಬಗ್ಗೆ ದೂರು ಬರೆದರು. ಅವರ ಮೇಲೆ 353 ಹಾಕಿದರು. ಸುಪ್ರೀಂ ಕೋರ್ಟು 2015ರ ಜನವರಿಯಲ್ಲಿ ಆ ಕೇಸು ರದ್ದು ಮಾಡಿತು. ಹಲ್ಲೆ ಇಲ್ಲ, ಬಲಪ್ರಯೋಗ ಇಲ್ಲ, ಹಾಗಿರುವಾಗ 353 ಎಲ್ಲಿಂದ ಬಂತು? ಬರೆಯಿರಿ, ಹೆದರಬೇಡಿ. ಬೈಗುಳ ಬೇಡ, ಅಷ್ಟೇ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಕೇಳಿದ. 'ಎಲ್ಲ ಸರಿ ಸರ್, ಪೊಲೀಸ್ ನಾಯಿಯೇ ನಮ್ಮನ್ನು ಕಚ್ಚಿದರೆ?' ಸಭೆಯೆಲ್ಲ ನಕ್ಕಿತು. ಪ್ರಶ್ನೆ ಮಾತ್ರ ನಗುವಂಥದ್ದಲ್ಲ. ಸಾಕಿದ ಪ್ರಾಣಿಯನ್ನು ಎಚ್ಚರಿಕೆಯಿಂದ ಹಿಡಿದುಕೊಳ್ಳದಿದ್ದರೆ ಕಲಂ 291, ಆರು ತಿಂಗಳು ಅಥವಾ 5,000 ರೂಪಾಯಿವರೆಗೆ ದಂಡ. ಬೇಜವಾಬ್ದಾರಿ ಇದ್ದರೆ ಪೊಲೀಸ್ ಹ್ಯಾಂಡ್ಲರಿಗೂ ಅದು ಕಾನೂನೇ. ಆದರೆ ಅಧಿಕಾರಿ ಪ್ರಾಮಾಣಿಕವಾಗಿ ಕರ್ತವ್ಯ ಮಾಡುತ್ತಾ ನಾಯಿಯನ್ನು ಬಳಸುತ್ತಿದ್ದರೆ ನೀವು ತಿರುಗಿ ಹೊಡೆಯುವ ಹಕ್ಕು ತುಂಬಾ ಕಡಿಮೆ. ಜೀವಕ್ಕೆ ಅಥವಾ ಭಾರಿ ಗಾಯಕ್ಕೆ ನಿಜವಾಗಿ ಹೆದರಿಕೆ ಇದ್ದರೆ ಮಾತ್ರ ಆತ್ಮರಕ್ಷಣೆ. ಕಚ್ಚಿದರೆ ಮೊದಲು ಸೋಪು ಹಾಕಿ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ, ಕೇಸ್ ಪೇಪರ್ ಇಟ್ಟುಕೊಳ್ಳಿ. ದೂರು ಆಮೇಲೆ ಕೊಟ್ಟರೂ ನಡೆಯುತ್ತದೆ, ಇಂಜೆಕ್ಷನ್ ತಡವಾಗಬಾರದು.